ಹೊಸ ಆಟೊಕ್ಲೇವ್ ಕೇಳುವ ಮೊದಲು ಸೆಟ್ ಎಣಿಸಿ

ಆಪರೇಷನ್ ಆದ ಹೊಲಿಗೆಯಲ್ಲಿ ಕೀವು ಕಂಡರೆ ನಮ್ಮ ಆಸ್ಪತ್ರೆಗಳಲ್ಲಿ ಮೊದಲು ಅನುಮಾನ ಬೀಳುವುದು ಉಪಕರಣಗಳನ್ನು ಹಬೆಯಿಂದ ರೋಗಾಣುಮುಕ್ತ ಮಾಡುವ ಆಟೊಕ್ಲೇವ್ ಮೇಲೆ, ಆಮೇಲೆ ಅದರ ಮುಂದೆ ನಿಂತು ದುಡಿಯುವವರ ಮೇಲೆ. ಸಭೆ ಕರೆಯುತ್ತಾರೆ, ಹೊಸ ಯಂತ್ರಕ್ಕೆ ಪ್ರಸ್ತಾವನೆ ಹೋಗುತ್ತದೆ. ನನ್ನ ಅಭಿಪ್ರಾಯ ಬೇರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ, ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಸ್ಟೆರಿಲೈಸೇಶನ್ ದಾರಿ ತಪ್ಪುವುದು ಹೆಚ್ಚಾಗಿ ಸಾಮಾನಿನ ಲೆಕ್ಕದಲ್ಲಿ. ಎರಡೇ ಸಿಸೇರಿಯನ್ ಸೆಟ್ (ಒಂದು ಆಪರೇಷನ್ನಿಗೆ ಬೇಕಾದ ಉಪಕರಣಗಳ ಕಟ್ಟು) ಇಟ್ಟುಕೊಂಡು ದಿನಕ್ಕೆ ಐದು ಕೇಸ್ ಮಾಡಿಸಿದರೆ ಎಂಥ ಯಂತ್ರ ತಂದರೂ ಪ್ರಯೋಜನವಿಲ್ಲ.

ಸಮಯ ಕೂಡಿಸಿ ನೋಡಿ. ಕೇಸ್ ಮುಗಿದ ಮೇಲೆ ಉಪಕರಣಗಳು ಎಂಜೈಮ್ ದ್ರಾವಣದಲ್ಲಿ 10ರಿಂದ 15 ನಿಮಿಷ ನೆನೆಯಬೇಕು. ಬ್ರಷ್ ಹಾಕಿ ತೊಳೆದು, ಜಾಲಿಸಿ, ಒಣಗಿಸಲು ಅರ್ಧ ಗಂಟೆ. ಒಂದೊಂದನ್ನೂ ನೋಡಿ, ಎಣಿಸಿ, ಎರಡು ಪದರ ಬಟ್ಟೆಯಲ್ಲಿ ಕಟ್ಟಲು 20 ನಿಮಿಷ. ಹಬೆಯೇ ಗಾಳಿಯನ್ನು ಹೊರತಳ್ಳುವ ಸಾಧಾರಣ ಗ್ರ್ಯಾವಿಟಿ ಆಟೊಕ್ಲೇವ್‌ನಲ್ಲಿ ಕಟ್ಟಿದ ಪ್ಯಾಕಿಗೆ 121 ಡಿಗ್ರಿಯಲ್ಲಿ 30 ನಿಮಿಷ ಬೇಕು. ಬಿಸಿಯೇರುವುದು, ಹಬೆ ಬಿಡುವುದು, ಒಣಗುವುದು ಸೇರಿದರೆ ಒಂದೂವರೆ ಗಂಟೆ. ಹೊರಗೆ ತೆಗೆದ ಮೇಲೆ ಆರಲು ಇನ್ನೊಂದು ಗಂಟೆ. ಒಂದು ಸೆಟ್ ಮತ್ತೆ ಟೇಬಲ್ಲಿಗೆ ಬರಲು ಹತ್ತಿರ ಹತ್ತಿರ ನಾಲ್ಕು ಗಂಟೆ. ಆ ನಾಲ್ಕು ಗಂಟೆಯಲ್ಲಿ ಮೂರನೇ ಕೇಸ್ ಬಂದರೆ ಎಲ್ಲೋ ಒಂದು ಕಡೆ ಕತ್ತರಿ ಬೀಳಲೇಬೇಕು. ಗೇಜಿನಲ್ಲಿ ಕಾಣುವ 30 ನಿಮಿಷವನ್ನು ಯಾರೂ ಮುಟ್ಟುವುದಿಲ್ಲ. ಗೇಜಿಗೆ ಕಾಣದ ನೆನೆಸುವಿಕೆ, ಬ್ರಷ್, ಒಣಗುವಿಕೆಗೆ ಕತ್ತರಿ ಬೀಳುತ್ತದೆ. ಸೋಂಕಿಗೆ ದಾರಿಯಾಗುವುದೂ ಅಲ್ಲೇ.

ರಕ್ತನಾಳ ಹಿಡಿಯುವ ಇಕ್ಕಳ, ಆರ್ಟರಿ ಫೋರ್ಸೆಪ್ಸ್ ಒಂದನ್ನು ಕೈಗೆ ತೆಗೆದುಕೊಳ್ಳಿ. ಎರಡು ತೋಳು ಒಂದರೊಳಗೊಂದು ಹಾಯುವ ಬಾಕ್ಸ್ ಜಾಯಿಂಟ್ ಇದೆಯಲ್ಲ, ರಕ್ತ ಕೂರುವುದು ಅಲ್ಲಿ. ರ‍್ಯಾಚೆಟ್ (ಹಿಡಿಕೆಯ ಹಲ್ಲಿನ ಕೊಂಡಿ) ಹಾಕಿದ ಹಾಗೇ ನೆನೆಸಿದರೆ ದ್ರಾವಣ ಒಳಗೆ ಹೋಗುವುದೇ ಇಲ್ಲ. ಬೇಗ ಆಗಲಿ ಎಂದು ಕುದಿಯುವ ನೀರು ಹುಯ್ದರೆ ರಕ್ತದ ಪ್ರೋಟೀನು ಹೆಪ್ಪುಗಟ್ಟಿ ಲೋಹಕ್ಕೆ ಅಂಟುತ್ತದೆ, ಆಮೇಲೆ ಬ್ರಷ್ಷಿಗೂ ಬಗ್ಗುವುದಿಲ್ಲ. ಒಣಗಿ ಅಂಟಿದ ಕೊಳೆಯ ಅಡಿಯಲ್ಲಿರುವ ರೋಗಾಣುವಿಗೆ ಹಬೆ ತಲುಪುತ್ತದೆಂಬ ಭರವಸೆ ಯಾರೂ ಕೊಡಲಾರರು. ಉಗುರುಬೆಚ್ಚಗಿನ ನೀರು, ಬಾಟಲಿಯ ಮೇಲೆ ಬರೆದಷ್ಟೇ ಎಂಜೈಮ್ ಅಳೆದು ಹಾಕುವುದು, ಎಲ್ಲ ಜಾಯಿಂಟ್ ಬಿಚ್ಚಿ ನೀರಿನೊಳಗೇ ಬ್ರಷ್ ಮಾಡುವುದು, ಇಷ್ಟಕ್ಕೆ ದೊಡ್ಡ ತಂತ್ರಜ್ಞಾನವೇನೂ ಬೇಡ. ಸಲೈನಿನಲ್ಲಿ, ಬ್ಲೀಚಿಂಗ್ ನೀರಿನಲ್ಲಿ ಉಪಕರಣ ನೆನೆಹಾಕುವ ಅಭ್ಯಾಸವನ್ನಂತೂ ಇವತ್ತೇ ಬಿಡಬೇಕು. ಎರಡರಲ್ಲೂ ಇರುವ ಕ್ಲೋರೈಡು ಸ್ಟೀಲಿನಲ್ಲಿ ಸಣ್ಣ ಸಣ್ಣ ಗುಳಿ ಕೊರೆಯುತ್ತದೆ, ಆ ಗುಳಿಯಲ್ಲಿ ಮತ್ತೆ ರಕ್ತ ಕೂರುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಗಡಸು ಬೋರ್‌ವೆಲ್ ನೀರಾದರೆ ಕೊನೆಯ ಜಾಲಿಸುವಿಕೆಗೆ ಆರ್‌ಓ ನೀರೇ ಬೇಕು.

ಇನ್ನು ಗೌನು, ಬಟ್ಟೆ ತುಂಬಿ ಆಟೊಕ್ಲೇವ್ ಒಳಗಿಡುವ ಡ್ರಮ್ಮು. ಪಕ್ಕದ ರಂಧ್ರಗಳ ಮುಚ್ಚಳ ಸರಿಸದೆ ಒಳಗಿಟ್ಟರೆ ಹಬೆ ಹೊರಗೇ ಸುತ್ತುತ್ತದೆ. ಒಳಗಿನ ಗೌನು ಬೆಚ್ಚಗಾಗುತ್ತದೆ ಅಷ್ಟೇ. ಮುಗಿದ ತಕ್ಷಣ ಮುಚ್ಚಲು ಮರೆತರೆ ಕಾರಿಡಾರಿನ ಗಾಳಿಯೆಲ್ಲ ಒಳಕ್ಕೆ. ಎರಡು ಸಂದರ್ಭದಲ್ಲೂ ಹೊರಗೆ ಅಂಟಿಸಿದ, ಬಿಸಿಗೆ ಬಣ್ಣ ಬದಲಿಸುವ ಟೇಪಿನ ಗೆರೆ ಚೆನ್ನಾಗಿ ಕಪ್ಪಾಗಿರುತ್ತದೆ! ಬಟ್ಟೆಯ ನಡುವೆ ಅಂಗೈ ಸಲೀಸಾಗಿ ತೂರುವಷ್ಟು ಸಡಿಲವಿರಬೇಕು. ಒಂದು ಡ್ರಮ್ಮನ್ನು ದಿನವಿಡೀ ತೆರೆದು ಮುಚ್ಚಿ ಒಂದೊಂದೇ ಗೌನು ತೆಗೆಯುವುದಂತೂ ತಪ್ಪು. ಕೇಸಿಗೊಂದು ಸಣ್ಣ ಪ್ಯಾಕ್ ಕಟ್ಟಿ. ಅದಕ್ಕೂ ಬಟ್ಟೆ ಹೆಚ್ಚು ಬೇಕು, ಅಂದರೆ ಅದೂ ಸ್ಟಾಕಿನ ಪ್ರಶ್ನೆಯೇ.

ಕಪ್ಪಾದ ಟೇಪು ಹೇಳುವುದು ಒಂದೇ ಮಾತು: ಈ ಪ್ಯಾಕ್ ಆಟೊಕ್ಲೇವ್ ಒಳಗೆ ಹೋಗಿ ಬಂದಿದೆ. ಹಬೆ ಪ್ಯಾಕಿನ ನಡುವಿಗೆ ತಲುಪಿತೇ ಎಂದು ತಿಳಿಯಲು ಒಳಗಡೆ ಕ್ಲಾಸ್ 5 ಸ್ಟ್ರಿಪ್ (ಹಬೆ, ಬಿಸಿ, ಸಮಯ ಮೂರೂ ಸಾಕಾದರೆ ಬಣ್ಣ ಬದಲಿಸುವ ಪಟ್ಟಿ) ಇಡಬೇಕು. ರೋಗಾಣು ಸತ್ತಿತೇ ಎಂದು ತಿಳಿಯಲು ಜಿಯೋಬ್ಯಾಸಿಲಸ್ ಸ್ಟಿಯರೊಥರ್ಮೊಫಿಲಸ್ ಬೀಜಕಗಳಿರುವ ಬಯೊಲಾಜಿಕಲ್ ಇಂಡಿಕೇಟರ್ ವಾರಕ್ಕೊಮ್ಮೆಯಾದರೂ ಬೇಕು, ಇಂಪ್ಲಾಂಟ್ ಇರುವ ಪ್ರತಿ ಲೋಡಿಗೂ ಬೇಕು. ಪಂಪಿನಿಂದ ಗಾಳಿ ಎಳೆಯುವ ವ್ಯಾಕ್ಯೂಮ್ ಯಂತ್ರವಾದರೆ ಬೆಳಗಿನ ಮೊದಲ ಲೋಡಿಗೂ ಮುಂಚೆ ಖಾಲಿ ಚೇಂಬರಿನಲ್ಲಿ ಗಾಳಿ ಪೂರ್ತಿ ಹೊರಹೋಗುತ್ತದೆಯೇ ಎಂದು ನೋಡುವ ಬೋವಿ-ಡಿಕ್ ಪರೀಕ್ಷೆ. ಹಳೆಯ ಯಂತ್ರದ ಪ್ರೆಶರ್ ಗೇಜನ್ನು ಕಣ್ಣುಮುಚ್ಚಿ ನಂಬುವವರಿಗೊಂದು ಮಾತು: ಗಾಳಿ ಪೂರ್ತಿ ಹೊರಹೋಗಿದ್ದರೆ 15 ಪೌಂಡಿಗೆ 121 ಡಿಗ್ರಿ, ಅರ್ಧ ಗಾಳಿ ಉಳಿದಿದ್ದರೆ ಅದೇ 15 ಪೌಂಡಿಗೆ 112 ಡಿಗ್ರಿ ಮಾತ್ರ. ನಡುವೆ ಕರೆಂಟು ಹೋದರೆ ಉಳಿದ ನಿಮಿಷ ಸೇರಿಸುವಂತಿಲ್ಲ, ಮೊದಲಿನಿಂದ ಶುರು ಮಾಡಬೇಕು. ಒದ್ದೆಯಾಗಿ ಬಂದ ಪ್ಯಾಕ್ ಸ್ಟೆರೈಲ್ ಅಲ್ಲ. ಅದನ್ನು ಬಿಚ್ಚಿ ಮತ್ತೆ ಕಟ್ಟಬೇಕು, ಫ್ಯಾನಿನ ಕೆಳಗಿಟ್ಟು ಒಣಗಿಸುವುದಲ್ಲ.

ಸಾಮಾನಿನ ಸಂಖ್ಯೆಯೇ ಸುರಕ್ಷತೆ ಎಂಬುದನ್ನು ಸರ್ಕಾರದ ನಿಯಮವೂ ಒಪ್ಪಿದೆ. ಸಂತಾನಹರಣಕ್ಕೆ ಒಂದು ಲ್ಯಾಪರೊಸ್ಕೋಪಿನಿಂದ (ಸಣ್ಣ ರಂಧ್ರದ ಮೂಲಕ ಹೊಟ್ಟೆಯೊಳಗೆ ನೋಡುವ ಕೊಳವೆ) ದಿನಕ್ಕೆ 10ಕ್ಕಿಂತ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಬಾರದು ಎನ್ನುತ್ತದೆ ಕೇಂದ್ರದ ಮಾರ್ಗಸೂಚಿ. ಪ್ರತಿ ಕೇಸಿನ ನಂತರ ಅದನ್ನು ತೊಳೆದು 2% ಗ್ಲುಟರಾಲ್ಡಿಹೈಡ್‌ನಲ್ಲಿ 20 ನಿಮಿಷ ಮುಳುಗಿಸಲು ಹೊತ್ತು ಬೇಕಲ್ಲ. 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯ ಸಂತಾನಹರಣ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಶಸ್ತ್ರಚಿಕಿತ್ಸೆಯಾಯಿತು, ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಕಾರಣ ಸೋಂಕೋ ಕೊಟ್ಟ ಮಾತ್ರೆಯೋ ಎಂಬ ವಾದ ನಡೆಯಿತು. ವಾದ ಏನೇ ಇರಲಿ, ಆ ವೇಗದಲ್ಲಿ ಉಪಕರಣ ಶುದ್ಧವಾಗಿರುವುದು ಅಸಾಧ್ಯ.

ಹಾಗಾದರೆ ಎಷ್ಟು ಸೆಟ್ ಬೇಕು? ನಿಮ್ಮ ಓಟಿ (ಆಪರೇಷನ್ ಥಿಯೇಟರ್) ರಿಜಿಸ್ಟರ್ ತೆಗೆದು ಯಾವುದೇ ನಾಲ್ಕು ಗಂಟೆಯಲ್ಲಿ ಅತಿ ಹೆಚ್ಚು ಎಷ್ಟು ಕೇಸ್ ಆಗಿದೆ ನೋಡಿ. ಅದಕ್ಕೆ ತುರ್ತಿಗೆ ಒಂದು, ರಿಪೇರಿಗೆ ಹೋಗುವುದಕ್ಕೆ ಒಂದು ಸೇರಿಸಿ. ಮೂರು ಕೇಸ್ ಆಗುವ ಕಡೆ ಐದು ಸೆಟ್. ಹೊಸ ಹಾರಿಜಾಂಟಲ್ ಆಟೊಕ್ಲೇವ್ ಬೆಲೆಯ ಪಕ್ಕದಲ್ಲಿ ಇದು ಏನೂ ಅಲ್ಲ. ಸೆಟ್ಟಿನೊಳಗೆ ಪಟ್ಟಿಯ ಚೀಟಿ ಇರಲಿ. ಲೇಬರ್ ರೂಮಿನ ಸಿಸ್ಟರ್ ಒಂದೇ ಒಂದು ನೀಡಲ್ ಹೋಲ್ಡರ್ ಎರವಲು ಒಯ್ದರೂ ಆ ಸೆಟ್ ಅಪೂರ್ಣ. ಅದು ಗೊತ್ತಾಗುವುದು ಹೊಟ್ಟೆ ತೆರೆದ ಮೇಲೆ.

ಸ್ಟೋರಿನ ಕಡೆಗೂ ಬರೋಣ. ಇಂಡಿಕೇಟರ್ ಸ್ಟ್ರಿಪ್, ಎಂಜೈಮ್, ಬ್ರಷ್ ಔಷಧಿಯಲ್ಲವೆಂದು ಇಂಡೆಂಟಿನ (ಸಾಮಾನು ತರಿಸುವ ಬೇಡಿಕೆ ಪಟ್ಟಿ) ಕೊನೆಗೆ ಬೀಳುತ್ತವೆ, ಮುಗಿದಾಗ ಯಾರೂ ಗಾಬರಿಯಾಗುವುದಿಲ್ಲ. ಇವು ಅತ್ಯಗತ್ಯ ವಸ್ತುಗಳ ಪಟ್ಟಿಯಲ್ಲೇ ಇರಬೇಕು. ಮರು ಇಂಡೆಂಟಿನ ಮಟ್ಟ ಊಹೆಯಿಂದ ಬರುವುದಲ್ಲ. ದಿನಕ್ಕೆ 7ನೇ ನಂಬರಿನ ಗ್ಲೌಸ್ 40 ಜೊತೆ ಖರ್ಚಾಗಿ, ಸಾಮಾನು ಬರಲು 21 ದಿನ ಹಿಡಿದರೆ 840 ಬೇಕು; ವಾರದ ಆಪತ್ತಿಗೆ 280 ಸೇರಿಸಿ 1,120ಕ್ಕೆ ಇಳಿದಾಗಲೇ ಇಂಡೆಂಟ್ ಹೋಗಬೇಕು. ಓಟಿ, ಲೇಬರ್ ರೂಮ್, ಎಮರ್ಜೆನ್ಸಿ ಬೀರುಗಳಲ್ಲಿ ಬಚ್ಚಿಟ್ಟಿದ್ದನ್ನೂ ಎಣಿಸಿ. ಹೊಲಿಗೆ ದಾರ ಅವಧಿ ಮೀರುವುದು ಅಂಥ ಬೀರುವಿನ ಹಿಂದಿನ ಸಾಲಿನಲ್ಲೇ. ಮೊದಲು ಅವಧಿ ಮುಗಿಯುವುದು ಮುಂದೆ ಇರಲಿ. 2024ರಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರ ಸಾವಿನ ನಂತರ ಡ್ರಿಪ್ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಬಳಕೆ ತಡೆಹಿಡಿದರಲ್ಲ, ಅಂಥ ಆದೇಶ ಬಂದ ದಿನ ಯಾವ ಬ್ಯಾಚ್ ಯಾವ ವಾರ್ಡಿಗೆ ಹೋಗಿದೆ ಎಂದು ಹೇಳಲು ಬರಬೇಕು. ಸೆಟ್ಟುಗಳಿಗೂ ಅದೇ ನಿಯಮ: ಲೋಡ್ ನಂಬರ್, ತಾರೀಖು, ಕಟ್ಟಿದವರ ಸಹಿ ಪ್ಯಾಕಿನ ಮೇಲಿದ್ದು, ಅದೇ ನಂಬರ್ ರೋಗಿಯ ಕೇಸ್ ಶೀಟಿಗೂ ಏರಬೇಕು. ಬಯೊಲಾಜಿಕಲ್ ಇಂಡಿಕೇಟರ್ ಫೇಲಾದರೆ ವಾಪಸ್ ತರಿಸಬೇಕಾದ ಪ್ಯಾಕ್ ಯಾವುದು, ನಿಗಾ ಇಡಬೇಕಾದ ತಾಯಿ ಯಾರು ಎಂದು ತಿಳಿಯಲು ಬೇರೆ ದಾರಿಯಿಲ್ಲ.

ಆರೋಗ್ಯ ರಕ್ಷಾ ಸಮಿತಿಯಲ್ಲಿರುವವರು ಇದನ್ನು ಓದುತ್ತಿದ್ದರೆ, ಮುಂದಿನ ಸಭೆಗೆ ಮೂರು ಕಾಗದ ತರಿಸಿಕೊಳ್ಳಿ: ಓಟಿ ರಿಜಿಸ್ಟರಿನ ಕಳೆದ ತಿಂಗಳ ಪುಟಗಳು, ಸೆಟ್‌ಗಳ ಪಟ್ಟಿ, ಬಯೊಲಾಜಿಕಲ್ ಇಂಡಿಕೇಟರ್ ಫಲಿತಾಂಶದ ಪುಸ್ತಕ. ಮೂರನೆಯದು ಇಲ್ಲವೆಂದರೆ ಅವತ್ತಿನ ಮೊದಲ ಖರೀದಿ ಬಯೊಲಾಜಿಕಲ್ ಇಂಡಿಕೇಟರೇ ಆಗಲಿ.