ಈ ಕಾರ್ಡ್ ಹೊಂದುತ್ತಾ, ಇಲ್ವಾ?

ನಿನ್ನೆ ರಾತ್ರಿ ಹಳೇ ಸರ್ವರ್‌ಗೆ ರೇಡ್ ಕಾರ್ಡ್ (ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ನಡೆಸೋ ಕಾರ್ಡ್) ಹಾಕಿದೆ. ಫ್ಯಾನ್ ಜೋರಾಗಿ ತಿರುಗಿತು, ಪರದೆ ಮಾತ್ರ ಕಪ್ಪು. ಇದು ಮೂರನೇ ಕಾರ್ಡ್! ತಲೆ ಕೆಟ್ಟುಹೋಯಿತು.

ಕಾರ್ಡ್ ಕೂರೋ ಸ್ಲಾಟ್ ನೋಡಿದರೆ 16 ಲೇನ್‌ನಷ್ಟು (ಲೇನ್ ಅಂದ್ರೆ ಡೇಟಾ ಓಡಾಡೋ ದಾರಿ) ಉದ್ದ, ಒಳಗೆ ಕೆಲಸ ಮಾಡೋದು ನಾಲ್ಕೇ ಲೇನ್. ಅದನ್ನು ಸ್ಲಾಟ್ ಪಕ್ಕದಲ್ಲೇ ದೊಡ್ಡದಾಗಿ ಬರೆಯೋಕೆ ಏನು ಕಷ್ಟ? ಹೊಂದುವ ಕಾರ್ಡ್‌ಗಳ ಪಟ್ಟಿ ಬೋರ್ಡ್ ಬಂದ ವರ್ಷಕ್ಕೇ ನಿಂತುಹೋಗಿದೆ. ಹಿಂದಿನ ಕಾರ್ಡ್‌ಗೆ ಬಯೋಸ್‌ನಲ್ಲಿ (ಬೋರ್ಡನ್ನು ಶುರು ಮಾಡೋ ಸಾಫ್ಟ್‌ವೇರ್) ಆಪ್ಷನ್ ರೋಮ್‌ಗೆ, ಅಂದ್ರೆ ಕಾರ್ಡ್‌ನದೇ ಬೂಟ್ ಪ್ರೋಗ್ರಾಂಗೆ, ಜಾಗ ಸಾಲಲಿಲ್ಲ. ಅದಕ್ಕೂ ಹಿಂದಿನದು ಎರಡು ಟಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ಗುರುತಿಸಲೇ ಇಲ್ಲ.

ಕೊನೆಗೆ ಕಣ್ಣು ಕಿರಿದು ಮಾಡಿಕೊಂಡು ಕಾರ್ಡ್‌ನ ಬಿ5, ಬಿ6 ಪಿನ್‌ಗಳ (ಬೋರ್ಡ್‌ಗೆ ಅಡ್ಡಿಯಾಗುತ್ತಿದ್ದ ನಿರ್ವಹಣಾ ಸಂಕೇತದ ಪಿನ್‌ಗಳು) ಮೇಲೆ ಅಕ್ಕಿಕಾಳಿಗಿಂತ ಸಣ್ಣ ಟೇಪ್ ಅಂಟಿಸಿದೆ. ಬೂಟ್ ಆಯ್ತು! ಇದನ್ನು ಕೈಪಿಡಿಯಲ್ಲಿ ಒಂದು ಸಾಲು ಬರೆಯಬಾರದಿತ್ತಾ? ದುಡ್ಡು ಕೊಟ್ಟವರು ಸುಮ್ನೆ ರಾತ್ರಿಯಿಡೀ ಒದ್ದಾಡಬೇಕಾ?