ಫ್ರಿಜ್ಜಿನಲ್ಲೊಂದು ಕ್ಯಾನು

"ಭಾವ, ನಿಮ್ಮ ಫ್ರಿಜ್ಜಿನಲ್ಲಿ ಸ್ವಲ್ಪ ಜಾಗ ಇದೆಯಾ?" ಎಂದು ಶನಿವಾರ ರಾತ್ರಿ ಭಾಮೈದ ಫೋನ್ ಮಾಡಿದಾಗ, ಊರಿಂದ ಮಾವಿನಹಣ್ಣು ಬಂದಿರಬೇಕು ಅಂದುಕೊಂಡು, "ಬಾರೋ, ಎಷ್ಟು ಬೇಕಾದರೂ ಇದೆ" ಅಂದುಬಿಟ್ಟೆ. ಬಂದದ್ದು ಒಂದು ಖಾಲಿ ಪ್ಲಾಸ್ಟಿಕ್ ಕ್ಯಾನು. ತುಂಬಿಸುವ ಕಾರ್ಯಕ್ರಮ ಭಾನುವಾರಕ್ಕಿತ್ತು.

ಅವನ ಕಂಪನಿಯಲ್ಲಿ ವೆಲ್‌ನೆಸ್ ವೀಕ್ ಅಂತೆ. ಯಾರಿಗೆ ಎಷ್ಟು ಒತ್ತಡ ಇದೆ ಅನ್ನುವುದನ್ನು ಮೂತ್ರದಲ್ಲಿ ಅಳೆಯುತ್ತಾರಂತೆ. ಬೆಳಿಗ್ಗೆ ಎದ್ದ ಕೂಡಲೇ ಹೋದದ್ದನ್ನು ಬಿಟ್ಟುಬಿಡಬೇಕು, ಅಲ್ಲಿಂದ ಗಡಿಯಾರ ಶುರು. ಮಾರನೆಯ ಬೆಳಿಗ್ಗೆಯ ಮೊದಲನೆಯದನ್ನೂ ಸೇರಿಸಿ 24 ಗಂಟೆಗೆ ಮುಚ್ಚಳ ಹಾಕಬೇಕು. ಅಲ್ಲಿಯವರೆಗೆ ತಣ್ಣಗಿಟ್ಟಿರಬೇಕು. ನಡುವೆ ಒಂದು ಸಲ ಮರೆತು ಹೋಗಿ ಬಂದರೂ ಲೆಕ್ಕ ಕೆಟ್ಟಿತು.

"ಸರಿ, ಅದಕ್ಕೆ ಭಾನುವಾರವೇ ಯಾಕೋ?"

"ಬೇರೆ ದಿನ ಹೋಗೋಕೆ ಟೈಮೆಲ್ಲಿ ಭಾವ?"

ಆಫೀಸಿನ ಒತ್ತಡವನ್ನು ರಜಾದಿನ ಅಳೆಯುವ ಈ ವಿಜ್ಞಾನಕ್ಕೆ ಕೈಮುಗಿದೆ.

ಹುಡುಕುವುದು ಒತ್ತಡ ಬಂದಾಗ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನನ್ನು. ಮೂತ್ರಪಿಂಡದ ತಲೆ ಮೇಲೆ ಟೊಪ್ಪಿ ಇಟ್ಟ ಹಾಗೆ ಕೂತಿರುವ ಗ್ರಂಥಿಯ ಸರಕು ಅದು. ಬೆಳಿಗ್ಗೆ ಏರಿರುತ್ತದೆ, ಮಧ್ಯರಾತ್ರಿ ಇಳಿದಿರುತ್ತದೆ. ರಾತ್ರಿ ಪಾಳಿಯವರಲ್ಲಿ ಅದರ ತಾಳವೇ ತಪ್ಪಿರುತ್ತದೆ. ಡಾಕ್ಟರು ಈ ಪರೀಕ್ಷೆ ಬರೆಯುವುದು ಮುಖ್ಯವಾಗಿ ಈ ಹಾರ್ಮೋನು ಅತಿಯಾಗುವ ಕುಶಿಂಗ್ ಸಿಂಡ್ರೋಮ್ ಎಂಬ ಕಾಯಿಲೆಯ ಅನುಮಾನ ಬಂದಾಗ: ಮುಖ ದುಂಡಗೆ ಊದಿ, ಹೊಟ್ಟೆಯ ಮೇಲೆ ನೇರಳೆ ಗೆರೆಗಳೆದ್ದಾಗ. ಮ್ಯಾನೇಜರನ ಕಾಟ ಎಷ್ಟು ಮಿಲಿ ಎಂದು ತಿಳಿಯಲು ಯಾರೂ ಬರೆಯುವುದಿಲ್ಲ. ಆದರೆ ಇನ್‌ಸ್ಟಾಗ್ರಾಂನಲ್ಲಿ ಈಗ ಕೆನ್ನೆ ಊದಿದವರಿಗೆಲ್ಲ 'ಕಾರ್ಟಿಸಾಲ್ ಫೇಸ್' ಅಂತೆ. ನಮ್ಮ ಕಾಲದಲ್ಲಿ ಅದಕ್ಕೆ ಮಾವನ ಮನೆ ಊಟ ಅನ್ನುತ್ತಿದ್ದರು.

ನನಗೊಂದು ಕಾನೂನು ಸಂಶಯ. 24 ಗಂಟೆಯಲ್ಲಿ ಹೆಚ್ಚು ಪಾಲು ಕಂಪನಿಗೇ ಸೇರಿದ್ದಾದರೆ, ಕ್ಯಾನಿನಲ್ಲಿರುವ ಸರಕು ಯಾರ ಸೊತ್ತು? ಆಫೀಸಿನ ಕಾಫಿ, ಆಫೀಸಿನ ನೀರು, ಆಫೀಸಿನ ಗಾಬರಿ. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದದಲ್ಲಿ ಇದಕ್ಕೂ ಒಂದು ಕಲಮು ಇದ್ದೀತು.

ಬೆಂಗಳೂರಿನ ಗೋಡೆಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಎಷ್ಟು ವರ್ಷಗಳಿಂದ ಎಷ್ಟು ಡೇಟಾ ಅಲ್ಲಿ ಸೋರಿ ಹೋಯಿತು! ತಡೆಯಲೆಂದು ಸಾಲಾಗಿ ದೇವರ ಟೈಲ್ಸ್ ಅಂಟಿಸಿದೆವು. ಗಣಪತಿ, ತಿಮ್ಮಪ್ಪ, ಏಸು, ಮೆಕ್ಕಾ, ಎಲ್ಲರೂ ಪಾಳಿಯ ಮೇಲೆ ಕಾವಲು. ಜನ ಭಕ್ತಿಯಿಂದ ಎರಡು ಅಡಿ ಪಕ್ಕಕ್ಕೆ ಸರಿದರು, ಅಷ್ಟೇ. ಈ ದ್ರವದ ಬೆಲೆ ಅರಿತಿದ್ದವರು ಪ್ರಧಾನಿಯಾಗಿದ್ದ ಮೊರಾರ್ಜಿ ದೇಸಾಯಿ ಒಬ್ಬರೇ. ತಾವು ಕುಡಿಯುವುದನ್ನು 1978ರಲ್ಲಿ ಅಮೆರಿಕದ ಟೀವಿಯಲ್ಲೇ ಹೇಳಿಕೊಂಡರು. 99 ವರ್ಷ ಬದುಕಿದರು. ಅವರಿಗೆ ಒತ್ತಡ ಇರಲಿಲ್ಲವೇ? ಸರ್ಕಾರವೇ ಬಿತ್ತಲ್ಲ. ಆದರೆ ಯಾರೂ ಅವರಿಗೆ ಕ್ಯಾನು ಕೊಡಲಿಲ್ಲ.

ವಾರಕ್ಕೆ 70 ಗಂಟೆ ದುಡಿಯಿರಿ ಎಂದು ನಾರಾಯಣಮೂರ್ತಿಯವರು 2023ರಲ್ಲಿ ಹೇಳಿದರು. 2025ರಲ್ಲಿ ಎಲ್ ಆ್ಯಂಡ್ ಟಿ ಮುಖ್ಯಸ್ಥರು 90ಕ್ಕೆ ಏರಿಸಿ, ಮನೆಯಲ್ಲಿ ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಎಂದು ಕೇಳಿದರು. ನಮ್ಮ ಸರ್ಕಾರದ ಮುಂದೆ 2024ರಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆಯ ಪ್ರಸ್ತಾವ, ಮರುವರ್ಷ ಓವರ್‌ಟೈಮ್ ಸೇರಿ 12 ಗಂಟೆಯ ಪ್ರಸ್ತಾವ. ಚೌಕಾಸಿ ಇನ್ನೂ ನಡೆದಿದೆ. 2024ರಲ್ಲಿ ಪುಣೆಯಲ್ಲಿ 26ರ ಹುಡುಗಿ, ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಿಗೆ ತೀರಿಕೊಂಡಳು. ಅವಳ ತಾಯಿ ಕಂಪನಿಗೆ ಬರೆದ ಪತ್ರವನ್ನು ಇಡೀ ದೇಶ ಓದಿತು. ಅದರಲ್ಲಿ ಎಲ್ಲವೂ ಇತ್ತು ಕಣ್ರೀ. ಯಾವ ಲ್ಯಾಬೂ ಬೇಕಿರಲಿಲ್ಲ. ಹುಡುಗರ ಕಣ್ಣ ಕೆಳಗೆ ಬರೆದದ್ದನ್ನು ಓದಲು ಒಲ್ಲದವರು ಉಚ್ಚೆಯಲ್ಲಿ ಏನು ಓದುತ್ತಾರೆ?

ಇರಲಿ. ಸೋಮವಾರ ಬೆಳಿಗ್ಗೆ ಆರಕ್ಕೆ ಭಾಮೈದ ಕೊನೆಯ ಕಂತು ಜಮಾ ಮಾಡಿದ. ಅಷ್ಟರಲ್ಲಿ ಕಾಲ್ ಬಂತು. ಕಿವಿಗೆ ಸಿಕ್ಕಿಸಿಕೊಂಡೇ ಬೈಕ್ ಹತ್ತಿದ. ಕ್ಯಾನು ಇಲ್ಲೇ ಉಳಿಯಿತು.

ಇವತ್ತು ಬುಧವಾರ. ರಿಲೀಸ್ ಇದೆ, ಬರೋಕಾಗ್ತಿಲ್ಲ ಅನ್ನುತ್ತಾನೆ. ಮಡಿಯ ಅಮ್ಮ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ದೋಸೆ ಹಿಟ್ಟು ಪಕ್ಕದ ಮನೆಯ ಫ್ರಿಜ್ಜಿನಲ್ಲಿದೆ.