ಹಿರಿಯರ ತಟ್ಟೆಯನ್ನೂ ನೋಡಿ, ಮಾತ್ರೆ ಡಬ್ಬಿಯನ್ನೂ ನೋಡಿ

ಮನೆಯ ಹಿರಿಯರ ಬಿ.ಪಿ. ಎಷ್ಟು, ಶುಗರ್ ಎಷ್ಟು ಎಂದು ಕೇಳಿದರೆ ಮಕ್ಕಳು ಥಟ್ಟನೆ ಹೇಳುತ್ತಾರೆ. ಕ್ಯಾಲ್ಸಿಯಂ ಮಾತ್ರೆಯ ಹೆಸರೂ ಬಾಯಿಪಾಠವಾಗಿರುತ್ತದೆ. ಮೆಗ್ನೀಷಿಯಂ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ. ಈ ಉಪೇಕ್ಷೆ ಸರಿಯಲ್ಲ.

ಸ್ನಾಯು ಬಿಗಿದು ಸಡಿಲವಾಗಲು, ಹೃದಯ ಬಡಿತ ಲಯ ತಪ್ಪದಿರಲು ಈ ಖನಿಜ ಬೇಕು. ನಾವು ಹಿರಿಯರಿಗೆ ಶ್ರದ್ಧೆಯಿಂದ ಕೊಡುವ ವಿಟಮಿನ್ ಡಿ ದೇಹದಲ್ಲಿ ಕೆಲಸಕ್ಕೆ ಬರಬೇಕಾದರೂ ಇದೇ ಬೇಕು. ಆದರೆ ವಯಸ್ಸಾದಂತೆ ಕರುಳು ಇದನ್ನು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ, ಮೂತ್ರದಲ್ಲಿ ಹೋಗುವುದು ಹೆಚ್ಚುತ್ತದೆ. ಊಟವೂ ಇಳಿಯುತ್ತದೆ. ಸಾಲದ್ದಕ್ಕೆ ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ, ವರ್ಷಗಟ್ಟಲೆ ನುಂಗುವ ಆಸಿಡಿಟಿ ಮಾತ್ರೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಗುಂಪಿನ ಆಸಿಡಿಟಿ ಔಷಧಗಳನ್ನು ದೀರ್ಘಕಾಲ ತೆಗೆದುಕೊಂಡರೆ ಮೆಗ್ನೀಷಿಯಂ ಕುಸಿಯಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಎಚ್ಚರಿಸಿದೆ.

ಸುಸ್ತು, ವಾಕರಿಕೆ, ಊಟ ಸೇರದಿರುವುದು ಕೊರತೆಯ ಲಕ್ಷಣಗಳಿರಬಹುದು. ಆದರೆ ಎಲ್ಲಕ್ಕೂ ‘ವಯಸ್ಸಾಯಿತಲ್ಲ’ ಎಂದು ಹೇಳಿ ಸುಮ್ಮನಾಗುತ್ತೇವೆ. ರಕ್ತ ಪರೀಕ್ಷೆಯನ್ನೂ ಪೂರ್ತಿ ನಂಬುವಂತಿಲ್ಲ. ದೇಹದಲ್ಲಿರುವ ಸುಮಾರು 25 ಗ್ರಾಂ ಮೆಗ್ನೀಷಿಯಂನಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಮೂಳೆಯಲ್ಲಿ. ಪರೀಕ್ಷೆಗೆ ಸಿಗುವ ಸೀರಂನಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ಶೇ. 1ಕ್ಕಿಂತಲೂ ಕಡಿಮೆ.

ಹಾಗೆಂದು ಪೂರಕ ಮಾತ್ರೆಯ ಡಬ್ಬಿ ತಂದಿಟ್ಟುಬಿಡಿ ಎಂದು ನಾನು ಖಂಡಿತ ಹೇಳುವುದಿಲ್ಲ. ಮೂತ್ರಪಿಂಡ ದುರ್ಬಲವಾಗಿದ್ದರೆ ಮೆಗ್ನೀಷಿಯಂ ಹೊರಹೋಗದೆ ರಕ್ತದಲ್ಲಿ ಸೇರಿ ಪ್ರಾಣಕ್ಕೇ ಸಂಚಕಾರ ತರಬಹುದು. ಕಾಲು ಸೆಳೆತಕ್ಕೆ ಇದೇ ಮದ್ದು ಎಂಬ ಪ್ರಚಾರವಂತೂ ಜೋರಾಗಿದೆ; ಪ್ರಯೋಗಗಳಲ್ಲಿ ಹಿರಿಯರಿಗೆ ಹೇಳಿಕೊಳ್ಳುವಂಥ ಉಪಯೋಗವೇನೂ ಕಂಡಿಲ್ಲ.

ನನ್ನ ಒತ್ತು ಊಟದ ಮೇಲೆ. ಐವತ್ತು ದಾಟಿದ ಗಂಡಸರಿಗೆ ದಿನಕ್ಕೆ 420 ಮಿಲಿಗ್ರಾಂ, ಹೆಂಗಸರಿಗೆ 320 ಎಂಬುದು ಅಮೆರಿಕದ ಶಿಫಾರಸು. ಒಂದು ಹಿಡಿ, ಅಂದರೆ 28 ಗ್ರಾಂ ಕುಂಬಳ ಬೀಜದಲ್ಲೇ ಸುಮಾರು 150 ಮಿಲಿಗ್ರಾಂ ಇರುತ್ತದೆ. ಅಷ್ಟೇ ಬಾದಾಮಿಯಲ್ಲಿ 80, ಅರ್ಧ ಕಪ್ ಬೆಂದ ಪಾಲಕ್ ಸೊಪ್ಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಕಾಳುಗಳಲ್ಲೂ ಧಾರಾಳವಾಗಿದೆ. ತೊಡಕಿರುವುದು ಹಲ್ಲಿನಲ್ಲಿ. ಅಗಿಯಲಾಗದವರು ಬೀಜ, ಕಾಳು, ಸೊಪ್ಪು ಎಲ್ಲವನ್ನೂ ಒಂದೊಂದಾಗಿ ಬಿಡುತ್ತಾ ಚಹಾ, ಬಿಸ್ಕತ್ತು, ಬಿಳಿ ಬ್ರೆಡ್ಡಿಗೆ ಬಂದು ನಿಲ್ಲುತ್ತಾರೆ. ಹೊಟ್ಟು ಕಳೆದ ಹಿಟ್ಟಿನಲ್ಲಿ ಮೆಗ್ನೀಷಿಯಂ ಬಹುಪಾಲು ಹೋಗಿರುತ್ತದೆ. ಬೀಜಗಳನ್ನು ಹುರಿದು ನುಣ್ಣಗೆ ಪುಡಿ ಮಾಡಿ ಗಂಜಿಗೋ ಮೊಸರಿಗೋ ಕಲಸಿ ಕೊಡಿ. ಕಾಳನ್ನು ಬೆರಳಲ್ಲಿ ಒತ್ತಿದರೆ ಹಿಸುಕಿಹೋಗುವಷ್ಟು ಬೇಯಿಸಿ. ಮೂತ್ರಪಿಂಡದ ಕಾಯಿಲೆಯಿಂದ ಪಥ್ಯದಲ್ಲಿರುವವರಿಗೆ ಮಾತ್ರ ಇದನ್ನೂ ವೈದ್ಯರನ್ನು ಕೇಳಿಯೇ ಕೊಡಬೇಕು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಮಾತ್ರೆಗಳನ್ನೆಲ್ಲ ಮೇಜಿನ ಮೇಲಿಟ್ಟು, ಆಸಿಡಿಟಿ ಮಾತ್ರೆ ಇನ್ನೂ ಬೇಕೇ ಎಂದು ವಿಚಾರಿಸಿ. ನೀವಾಗಿಯೇ ನಿಲ್ಲಿಸಬೇಡಿ.